ಅಮೆರಿಕದ ಜಿಲ್ಲಾ ಜಡ್ಜ್‌ಗೆ ಅಷ್ಟು ಬಲ ಎಲ್ಲಿಂದ? ಫ್ರಾಂಕ್ ಜಾನ್ಸನ್ ಅವರ ಬದುಕು ನೋಡಿ

ಪ್ರಶ್ನೆ: ನಾನು ಹಾಸನದಲ್ಲಿ ಕಾನೂನು ಓದುತ್ತಿದ್ದೇನೆ. ಅಮೆರಿಕದ ಸುದ್ದಿ ನೋಡುವಾಗ "ಫೆಡರಲ್ ಜಿಲ್ಲಾ ನ್ಯಾಯಾಧೀಶರೊಬ್ಬರು ಸರ್ಕಾರದ ಆದೇಶಕ್ಕೆ ತಡೆ ಕೊಟ್ಟರು" ಅಂತ ಆಗಾಗ ಬರುತ್ತದೆ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರು ಹಾಗೆ ಮಾಡಿದ್ದನ್ನು ಕೇಳಿಲ್ಲ. ಕೆಳಹಂತದ ಒಬ್ಬ ಜಡ್ಜ್‌ಗೆ ಅಲ್ಲಿ ಇಷ್ಟು ಅಧಿಕಾರ ಹೇಗೆ? ಸಾಯುವತನಕ ಹುದ್ದೆಯಲ್ಲಿ ಇರಬಹುದಂತೆ, ನಿಜವೇ? ಅವರ ಬದುಕು, ವೃತ್ತಿ ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೀರಾ ಸರ್?

ಉತ್ತರ: ನಮ್ಮ ಜಿಲ್ಲಾ ನ್ಯಾಯಾಧೀಶರನ್ನು ಮನಸ್ಸಿನಲ್ಲಿಟ್ಟುಕೊಂಡು ಅವರನ್ನು ನೋಡಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ವ್ಯತ್ಯಾಸ ಹೇಳಿ ಮುಗಿಸುತ್ತೇನೆ. ಆಮೇಲೆ ಒಬ್ಬರ ಕಥೆ ಹೇಳುತ್ತೇನೆ. ನಿಯಮಗಳ ಪಟ್ಟಿ ಪರೀಕ್ಷೆಗೆ ಸಾಕು. ಆದರೆ ಈ ಕೆಲಸ ಎಂಥದ್ದು ಅಂತ ತಿಳಿಯಬೇಕಾದರೆ ಅದನ್ನು ಮಾಡಿದವರೊಬ್ಬರನ್ನು ನೋಡಲೇಬೇಕು.

ನಮ್ಮಲ್ಲಿ ಕೋರ್ಟುಗಳ ಸಾಲು ಒಂದೇ. ತಾಲ್ಲೂಕಿನ ಸಿವಿಲ್ ಕೋರ್ಟಿನಿಂದ ಸುಪ್ರೀಂ ಕೋರ್ಟ್ ತನಕ, ರಾಜ್ಯದ ಕಾನೂನಿರಲಿ ಕೇಂದ್ರದ್ದಿರಲಿ, ಎಲ್ಲಾ ಕೇಸೂ ಅದರಲ್ಲೇ ಸಾಗುತ್ತದೆ. ಅಮೆರಿಕದಲ್ಲಿ ಎರಡು ಸಾಲು. ಪ್ರತಿ ರಾಜ್ಯಕ್ಕೂ ತನ್ನದೇ ಕೋರ್ಟುಗಳಿವೆ. ಕೊಲೆ, ವಿಚ್ಛೇದನ, ಜಮೀನು ವ್ಯಾಜ್ಯದಂಥ ಹೆಚ್ಚಿನ ಕೇಸುಗಳೆಲ್ಲಾ ಅಲ್ಲೇ. ಅದರ ಪಕ್ಕದಲ್ಲಿ ಕೇಂದ್ರದ, ಅಂದರೆ ಫೆಡರಲ್ ಕೋರ್ಟುಗಳ ಸಾಲು ಬೇರೆ. ಅದರ ಮೊದಲ ಮೆಟ್ಟಿಲೇ ಜಿಲ್ಲಾ ಕೋರ್ಟ್. ಇಡೀ ದೇಶಕ್ಕೆ 94 ಜಿಲ್ಲೆಗಳು. ಅಲಬಾಮಾದಂಥ ರಾಜ್ಯಕ್ಕೆ ಮೂರೇ. ಸಾಕ್ಷಿ ವಿಚಾರಣೆ, ಪಾಟಿಸವಾಲು, ಜ್ಯೂರಿ (ಅಪರಾಧಿ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ), ಶಿಕ್ಷೆ ಎಲ್ಲಾ ನಡೆಯುವುದು ಇಲ್ಲಿಯೇ.

ಈ ಜಡ್ಜ್‌ರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಪರೀಕ್ಷೆ ಇಲ್ಲ, ಸಂದರ್ಶನದ ಅಂಕ ಇಲ್ಲ. ಆ ರಾಜ್ಯದ ಸೆನೆಟರ್‌ಗಳ ಮಾತು ಬಹಳ ನಡೆಯುತ್ತದೆ. ಒಮ್ಮೆ ಕೂತರೆ ನೀವು ಕೇಳಿದ್ದು ನಿಜ, ನಿವೃತ್ತಿ ವಯಸ್ಸು ಅಂತ ಇಲ್ಲ. ಸಂವಿಧಾನದ 3ನೇ ವಿಧಿ ಹೇಳುವುದು ಎರಡು ಮಾತು: ನಡತೆ ಚೆನ್ನಾಗಿರುವತನಕ ಹುದ್ದೆ, ಮತ್ತು ಹುದ್ದೆಯಲ್ಲಿರುವಾಗ ಸಂಬಳ ಕಡಿಮೆ ಮಾಡುವಂತಿಲ್ಲ. 2025ರಲ್ಲಿ ಆ ಸಂಬಳ ವರ್ಷಕ್ಕೆ 2,47,400 ಡಾಲರ್. ಕೆಳಗಿಳಿಸಬೇಕಾದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಹಾಭಿಯೋಗವೇ ಆಗಬೇಕು. ಎರಡು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಸೆನೆಟ್ ಹಾಗೆ ತೆಗೆದುಹಾಕಿದ ಫೆಡರಲ್ ಜಡ್ಜ್‌ರು 8 ಮಂದಿ ಮಾತ್ರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಮ್ಮಲ್ಲಿ ಒಂದು ಕಾಯ್ದೆ ಸಂವಿಧಾನಕ್ಕೆ ವಿರುದ್ಧವಾಗಿದೆ ಅಂತ ಕೆಳಗಿನ ಕೋರ್ಟಿಗೆ ಅನಿಸಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 113ನೇ ಕಲಮಿನ ಪ್ರಕಾರ ಅದನ್ನು ಹೈಕೋರ್ಟಿಗೆ ಕಳಿಸಬೇಕು. ರಿಟ್ ಅಧಿಕಾರ ಇರುವುದು ಹೈಕೋರ್ಟಿಗೆ, 226ನೇ ವಿಧಿಯಲ್ಲಿ. ಅಮೆರಿಕದಲ್ಲಿ ಹಾಗಲ್ಲ. ಯಾವುದೇ ಕೋರ್ಟಿನ ಯಾವುದೇ ಜಡ್ಜ್, "ಈ ಕಾಯ್ದೆ ಸಂವಿಧಾನಕ್ಕೆ ಒಪ್ಪುವುದಿಲ್ಲ, ಜಾರಿ ಮಾಡಬೇಡಿ" ಅಂತ ಹೇಳಬಹುದು. ಮೇಲಿನ ಕೋರ್ಟ್ ಆಮೇಲೆ ಸರಿಪಡಿಸಬಹುದು, ಅದು ಬೇರೆ ಮಾತು. ಇಡೀ ದೇಶಕ್ಕೆ ಅನ್ವಯಿಸುವಂಥ ತಡೆಯಾಜ್ಞೆಗಳಿಗೆ ಮಾತ್ರ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಕಡಿವಾಣ ಹಾಕಿದೆ. ಪರಿಹಾರವನ್ನು ಸಾಧಾರಣವಾಗಿ ಕೋರ್ಟಿಗೆ ಬಂದ ಕಕ್ಷಿದಾರರಿಗೆ ಸೀಮಿತ ಮಾಡಿ ಅನ್ನುವುದು ಅದರ ತಾತ್ಪರ್ಯ.

ಇಷ್ಟೇ ಆದರೆ ಅಧಿಕಾರ ಕಾಗದದಲ್ಲಿ ಎಲ್ಲಿದೆ ಅಂತ ಹೇಳಿದ ಹಾಗಾಯಿತು. ನನ್ನ ಮಟ್ಟಿಗೆ ಈ ಜಡ್ಜ್‌ರ ನಿಜವಾದ ಬಲ ಬೇರೆ ಕಡೆ ಇದೆ. ನಡೆದದ್ದು ಏನು ಅಂತ ಬರೆದಿಡುವ ಕೆಲಸ ಅವರದು. ಮೇಲಿನ ಕೋರ್ಟಿನವರು ಸಾಕ್ಷಿಯ ಮುಖ ನೋಡುವುದಿಲ್ಲ. ಕಟಕಟೆಯಲ್ಲಿ ನಿಂತವರು ತಡವರಿಸಿದ್ದು, ಬೆವರಿದ್ದು, ಸುಳ್ಳು ಹೇಳಿದ್ದು ಎಲ್ಲಾ ನೋಡಿದವರು ಈ ಒಬ್ಬರೇ. ಇವರು ಇದು ಹೀಗೆ ನಡೆಯಿತು ಅಂತ ದಾಖಲೆ ಸಮೇತ ಬರೆದರೆ, ಅದನ್ನು ಅಲ್ಲಾಡಿಸುವುದು ಮೇಲಿನವರಿಗೂ ಸುಲಭವಲ್ಲ. ಇದನ್ನು ಫ್ರಾಂಕ್ ಎಂ. ಜಾನ್ಸನ್ ಜೂನಿಯರ್ ಅವರಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ.

ಜಾನ್ಸನ್ ಹುಟ್ಟಿದ್ದು 1918ರಲ್ಲಿ, ಅಲಬಾಮಾದ ಉತ್ತರದ ಗುಡ್ಡಗಾಡು ಪ್ರದೇಶ ವಿನ್‌ಸ್ಟನ್ ಕೌಂಟಿಯಲ್ಲಿ. ಈ ಕೌಂಟಿಯದು ವಿಚಿತ್ರ ಇತಿಹಾಸ. ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ರಾಜ್ಯಗಳೆಲ್ಲಾ ಒಕ್ಕೂಟ ಬಿಟ್ಟು ಹೊರಟಾಗ ಇಲ್ಲಿನ ಬಡ ರೈತರು ನಾವು ಬರುವುದಿಲ್ಲ ಅಂತ ಕೂತರು. ಗುಲಾಮರನ್ನು ಇಟ್ಟುಕೊಂಡವರು ಅಲ್ಲಿ ತೀರಾ ಕಡಿಮೆ ಇದ್ದರು. ಆಮೇಲೂ ಇಡೀ ಅಲಬಾಮಾ ಡೆಮಾಕ್ರಟರ ಕಡೆ ಇದ್ದಾಗ ವಿನ್‌ಸ್ಟನ್ ರಿಪಬ್ಲಿಕನ್ ಆಗಿಯೇ ಉಳಿಯಿತು. ಜಾನ್ಸನ್ ಅವರ ತಂದೆ ಅಲ್ಲಿ ಪ್ರೊಬೇಟ್ ಜಡ್ಜ್, ಅಂದರೆ ಉಯಿಲು, ಆಸ್ತಿಯ ವಿಷಯ ನೋಡುವ ಜಡ್ಜ್ ಆಗಿದ್ದರು. ಮುಂದೆ ರಾಜ್ಯದ ಶಾಸನಸಭೆಯಲ್ಲಿ ಒಬ್ಬರೇ ರಿಪಬ್ಲಿಕನ್ ಆಗಿ ಕೂತವರು. ಸುತ್ತ ಇರುವವರೆಲ್ಲಾ ಒಂದು ಕಡೆ, ನಾವು ಒಂದು ಕಡೆ ಅನ್ನುವುದು ಈ ಮನೆಯಲ್ಲಿ ಹೊಸದೇನಲ್ಲ.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1943ರಲ್ಲಿ ಮುಗಿಸಿದರು. ಅಲ್ಲಿ ಜೊತೆಗೆ ಓದಿದವರಲ್ಲಿ ಒಬ್ಬರು ಜಾರ್ಜ್ ವಾಲೆಸ್. ಈ ಹೆಸರು ನೆನಪಿಟ್ಟುಕೊಳ್ಳಿ. ಆಮೇಲೆ ಯುದ್ಧ. ಕಾಲಾಳು ಪಡೆಯ ಲೆಫ್ಟಿನೆಂಟ್ ಆಗಿ ನಾರ್ಮಂಡಿಗೆ ಹೋದರು, ಎರಡು ಸಲ ಗಾಯಗೊಂಡರು. ಗಾಯವಾದ ಮೇಲೆ ಇಂಗ್ಲೆಂಡಿನಲ್ಲಿ ಸೇನೆಯ ಕಾನೂನು ವಿಭಾಗದಲ್ಲಿ ಕೆಲಸ. ವಾಪಸ್ ಬಂದು ಜಾಸ್ಪರ್ ಅನ್ನುವ ಸಣ್ಣ ಊರಿನಲ್ಲಿ ವಕೀಲಿಕೆ. 1952ರಲ್ಲಿ ಐಸೆನ್‌ಹೋವರ್ ಅಧ್ಯಕ್ಷ ಚುನಾವಣೆಗೆ ನಿಂತಾಗ ಮಾಜಿ ಸೈನಿಕರನ್ನು ಸೇರಿಸಿ ಪ್ರಚಾರ ಮಾಡಿದರು. ಗೆದ್ದ ಐಸೆನ್‌ಹೋವರ್ ಇವರನ್ನು 1953ರಲ್ಲಿ ಉತ್ತರ ಅಲಬಾಮಾದ ಫೆಡರಲ್ ಸರ್ಕಾರಿ ವಕೀಲರನ್ನಾಗಿ ಮಾಡಿದರು. ಆಗಲೇ ಒಂದು ಕೇಸು ಗೆದ್ದರು: ಕಪ್ಪು ಕೂಲಿಯಾಳುಗಳನ್ನು ಜೀತಕ್ಕಿಟ್ಟುಕೊಂಡಿದ್ದ ಬಿಳಿಯ ಜಮೀನ್ದಾರ ಸಹೋದರರಿಗೆ, ಬಿಳಿಯರೇ ತುಂಬಿದ್ದ ಜ್ಯೂರಿಯಿಂದ ಅಪರಾಧಿ ಅನ್ನಿಸಿದರು. 1954ರ ಅಲಬಾಮಾದಲ್ಲಿ ಇದು ಸಣ್ಣ ಮಾತಲ್ಲ.

ಒಂದು ವಿಷಯ ಇಲ್ಲೇ ಹೇಳಬೇಕು. ಫೆಡರಲ್ ಜಡ್ಜ್ ಆಗುವ ದಾರಿ ಬಹಳಷ್ಟು ಸಲ ಹೀಗೇ ಇರುತ್ತದೆ. ವಕೀಲಿಕೆ, ಸರ್ಕಾರಿ ವಕೀಲಿಕೆ, ಪಕ್ಷದ ಜೊತೆ ನಂಟು, ಸರಿಯಾದ ಹೊತ್ತಿಗೆ ಖಾಲಿಯಾದ ಕುರ್ಚಿ. ರಾಜಕೀಯದ ದಾರಿಯಲ್ಲಿ ಬಂದವರು ಕುರ್ಚಿಯಲ್ಲಿ ಕೂತ ಮೇಲೆ ರಾಜಕೀಯ ಬಿಡುತ್ತಾರಾ ಇಲ್ಲವಾ ಅನ್ನುವುದು ಆ ಮನುಷ್ಯರ ಮೇಲೆ ನಿಂತಿದೆ.

1955ರ ನವೆಂಬರ್‌ನಲ್ಲಿ ಜಾನ್ಸನ್ ಮಾಂಟ್ಗೋಮರಿಯಲ್ಲಿ ಅಧಿಕಾರ ವಹಿಸಿಕೊಂಡರು. ವಯಸ್ಸು 37. ಆಗ ಆ ಜಿಲ್ಲೆಗೆ ಅವರೊಬ್ಬರೇ ಜಡ್ಜ್. ಊರು ರಾಜಧಾನಿ, ಹಾಗಾಗಿ ರಾಜ್ಯ ಸರ್ಕಾರದ ಮೇಲಿನ ದಾವೆಗಳು ಬಂದು ಬೀಳುವುದು ಅವರ ಮೇಜಿಗೇ. ಬಂದು ಒಂದು ತಿಂಗಳು ಆಗಿರಲಿಲ್ಲ, ಡಿಸೆಂಬರ್ 1ಕ್ಕೆ ಅದೇ ಊರಿನ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆಯ ಬಂಧನವಾಯಿತು. ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ ಅಂತ. ಊರಿನ ಕಪ್ಪು ಜನ ಬಸ್ ಹತ್ತುವುದನ್ನೇ ನಿಲ್ಲಿಸಿದರು.

ಬಸ್ಸಿನಲ್ಲಿ ಬಿಳಿಯರು, ಕಪ್ಪು ಜನ ಬೇರೆ ಬೇರೆ ಕೂರಬೇಕು ಅನ್ನುವ ಕಾನೂನನ್ನು ಉರುಳಿಸಿದ್ದು ರೋಸಾ ಪಾರ್ಕ್ಸ್ ಅವರ ಕೇಸಲ್ಲ. ಅದು ರಾಜ್ಯದ ಕೋರ್ಟಿನಲ್ಲಿ ಸಿಕ್ಕಿಕೊಂಡಿತ್ತು. ಯುವ ವಕೀಲ ಫ್ರೆಡ್ ಗ್ರೇ ಬೇರೆ ದಾರಿ ಹಿಡಿದರು. ನಾಲ್ವರು ಹೆಣ್ಣುಮಕ್ಕಳ ಹೆಸರಿನಲ್ಲಿ ಫೆಡರಲ್ ಕೋರ್ಟಿಗೆ ನೇರವಾಗಿ ದಾವೆ ಹಾಕಿದರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಕ್ಲಾಡೆಟ್ ಕಾಲ್ವಿನ್, ಮೇರಿ ಲೂಯಿಸ್ ಸ್ಮಿತ್. ಇದರಲ್ಲಿ ಕಾಲ್ವಿನ್, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನವಾಗಿದ್ದ 15ರ ಹುಡುಗಿ. ರಾಜ್ಯದ ಕಾಯ್ದೆಯನ್ನೇ ಪ್ರಶ್ನಿಸುವ ದಾವೆಗೆ ಆಗ ಮೂವರು ಜಡ್ಜ್‌ರ ಪೀಠ ಬೇಕಿತ್ತು. ಮೇಲ್ಮನವಿ ಕೋರ್ಟಿನ ರಿಚರ್ಡ್ ರೈವ್ಸ್, ಉತ್ತರ ಜಿಲ್ಲೆಯ ಸೀಬರ್ನ್ ಲಿನ್, ಮತ್ತು ಜಾನ್ಸನ್.

1956ರ ಮೇ ತಿಂಗಳಲ್ಲಿ ವಿಚಾರಣೆ. ಇದೆಲ್ಲಾ ಮಾರ್ಟಿನ್ ಲೂಥರ್ ಕಿಂಗ್ ಎಬ್ಬಿಸಿದ ಗಲಾಟೆ ಅಂತ ಸಾಬೀತು ಮಾಡಬೇಕಿತ್ತು ನಗರದ ವಕೀಲರಿಗೆ. ಕಟಕಟೆಯಲ್ಲಿದ್ದ ಕಾಲ್ವಿನ್‌ಗೆ ನಿಮ್ಮ ನಾಯಕರು ಯಾರು ಅಂತ ಕೆದಕಿದರು. ನಮಗೆ ನಾವೇ ನಾಯಕರು ಅಂದಳು ಹುಡುಗಿ. ಪಾಟಿಸವಾಲಿನಲ್ಲಿ ವಕೀಲರೇ ಸಿಕ್ಕಿಬಿದ್ದರು. ಇಂಥ ಒಂದು ಉತ್ತರ ದಾಖಲೆಗೆ ಸೇರಿದರೆ ಮತ್ತೆ ಅಳಿಸುವುದಕ್ಕಾಗುವುದಿಲ್ಲ.

ವಿಚಾರಣೆ ಮುಗಿಸಿ ಮೂವರೂ ಒಳಗೆ ಹೋದರು. ಪದ್ಧತಿಯ ಪ್ರಕಾರ ಕಿರಿಯರು ಮೊದಲು ಮಾತಾಡಬೇಕು. ಬಂದು ಆರು ತಿಂಗಳಾಗಿದ್ದ ಜಾನ್ಸನ್, ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂದರು. ರೈವ್ಸ್ ಒಪ್ಪಿದರು. ಲಿನ್ ಒಪ್ಪಲಿಲ್ಲ. ಲಿನ್ ಅವರ ವಾದವನ್ನು ಕಾನೂನು ವಿದ್ಯಾರ್ಥಿಯಾಗಿ ನೀವು ಗಂಭೀರವಾಗಿ ತೆಗೆದುಕೊಳ್ಳಬೇಕು. 1896ರ ಪ್ಲೆಸ್ಸಿ ತೀರ್ಪು, ಪ್ರತ್ಯೇಕವಾಗಿ ಕೂರಿಸಿದರೂ ಸೌಲಭ್ಯ ಸಮ ಇದ್ದರೆ ಸಾಕು ಅಂದಿತ್ತು. 1954ರ ಬ್ರೌನ್ ತೀರ್ಪು ಅದನ್ನು ತಳ್ಳಿಹಾಕಿದ್ದು ಶಾಲೆಗಳ ವಿಚಾರದಲ್ಲಿ. ಬಸ್ಸಿನ ಬಗ್ಗೆ ಸುಪ್ರೀಂ ಕೋರ್ಟ್ ಇನ್ನೂ ಬಾಯಿ ಬಿಟ್ಟು ಹೇಳಿಲ್ಲ, ಹಳೇ ತೀರ್ಪನ್ನು ರದ್ದು ಮಾಡುವುದು ಕೆಳಗಿನ ಕೋರ್ಟಿನ ಕೆಲಸ ಅಲ್ಲ ಅಂದರು ಲಿನ್. ರೈವ್ಸ್ ಮತ್ತು ಜಾನ್ಸನ್, ಬ್ರೌನ್ ಆದ ಮೇಲೆ ಪ್ಲೆಸ್ಸಿಯಲ್ಲಿ ಜೀವ ಉಳಿದಿಲ್ಲ ಅಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇವರ ತೀರ್ಪನ್ನೇ ಎತ್ತಿಹಿಡಿಯಿತು. ಡಿಸೆಂಬರ್ ಕೊನೆಗೆ ಜನ ಬಸ್ ಹತ್ತಿದರು, ಬೇಕಾದ ಕಡೆ ಕೂತರು.

ಹಾಗಂತ ಜಾನ್ಸನ್ ಅವರನ್ನು ಕ್ರಾಂತಿಕಾರಿ ಅಂದುಕೊಳ್ಳಬೇಡಿ. ಟಸ್ಕೀಗಿ ಪಟ್ಟಣದ ಕೇಸು ನೋಡಿ. ಚೌಕಾಕಾರದಲ್ಲಿದ್ದ ಪಟ್ಟಣದ ಗಡಿಯನ್ನು ರಾಜ್ಯ 28 ಮೂಲೆಗಳ ವಿಕಾರ ಆಕಾರಕ್ಕೆ ತಿದ್ದಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಎಲ್ಲರೂ ಪಟ್ಟಣದಿಂದ ಹೊರಗೆ. ದಾವೆ ಬಂದಾಗ ಗಡಿ ಗುರುತಿಸುವುದು ರಾಜ್ಯದ ಅಧಿಕಾರ, ಅದಕ್ಕೆ ಕೈ ಹಾಕಲು ಪೂರ್ವನಿದರ್ಶನ ಬಿಡುವುದಿಲ್ಲ ಅಂತ ಜಾನ್ಸನ್ ವಜಾ ಮಾಡಿದರು. 1960ರಲ್ಲಿ ಸುಪ್ರೀಂ ಕೋರ್ಟ್ ಅವರ ಆದೇಶವನ್ನು ತಿರುಗಿಸಿ ಹಾಕಿತು. ಕೇಸು ವಾಪಸ್ ಬಂದಾಗ ಅದೇ ಜಡ್ಜ್ ಆ ಗಡಿಯನ್ನು ರದ್ದು ಮಾಡಿದರು. ತನ್ನ ತೀರ್ಪು ಬಿದ್ದುಹೋಗುವುದು ವಿಚಾರಣಾ ಜಡ್ಜ್‌ಗೆ ವೃತ್ತಿಯ ಭಾಗ. ಮುನಿಸಿಕೊಂಡು ಕೂರುವ ಹಾಗಿಲ್ಲ.

ಈಗ ಸಹಪಾಠಿ ವಾಲೆಸ್. ಅವರು ರಾಜ್ಯದ ಕೋರ್ಟಿನಲ್ಲಿ ಜಡ್ಜ್ ಆಗಿದ್ದರು. 1958ರಲ್ಲಿ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಸರ್ಕಾರದ ಮುಖ್ಯಸ್ಥರು) ಚುನಾವಣೆಯ ಪಕ್ಷದ ಸ್ಪರ್ಧೆಯಲ್ಲಿ ಸೋತಿದ್ದರು. ಮುಂದಿನ ಸಲ ಗೆಲ್ಲಬೇಕಾದರೆ ಕಪ್ಪು ಜನರ ವಿರುದ್ಧ ಇನ್ನೂ ಗಟ್ಟಿಯಾಗಿ ಕೂಗಬೇಕು ಅಂತ ತೀರ್ಮಾನಿಸಿದ್ದರು. ಕೇಂದ್ರದ ನಾಗರಿಕ ಹಕ್ಕು ಆಯೋಗ ಮತದಾರರ ನೋಂದಣಿ ದಾಖಲೆ ಕೇಳಿದಾಗ ಕೊಡುವುದಿಲ್ಲ ಅಂದರು. ಕೊಡಿ ಅಂತ ಜಾನ್ಸನ್ ಆದೇಶ ಮಾಡಿದರು. ಆಗ ವಾಲೆಸ್ ಒಂದು ರಾತ್ರಿ ಮನೆಗೇ ಬಂದರು ಅಂತ ಜಾನ್ಸನ್ ಹೇಳಿದ್ದಾರೆ. ನ್ಯಾಯಾಂಗ ನಿಂದನೆಗೆ ಹೆಸರಿಗೊಂದು ಸಣ್ಣ ಶಿಕ್ಷೆ ಕೊಟ್ಟರೆ ರಾಜಕೀಯವಾಗಿ ಅನುಕೂಲ, ಜಾಸ್ತಿ ಕೊಡಬೇಡ ಅನ್ನುವುದು ಬೇಡಿಕೆ. ದಾಖಲೆ ಕೊಡದಿದ್ದರೆ ಎಷ್ಟು ಸಾಧ್ಯವೋ ಅಷ್ಟು ಕೊಡುತ್ತೇನೆ ಅನ್ನುವುದು ಉತ್ತರ. ವಾಲೆಸ್ ಸದ್ದಿಲ್ಲದೆ ದಾಖಲೆಗಳನ್ನು ಗ್ರ್ಯಾಂಡ್ ಜ್ಯೂರಿಗಳ (ಆರೋಪ ಹೊರಿಸಬೇಕೇ ಅಂತ ನೋಡುವ ನಾಗರಿಕರ ತಂಡ) ಕೈಗೆ ಕೊಟ್ಟು ಅವರ ಮೂಲಕ ಆಯೋಗಕ್ಕೆ ಮುಟ್ಟಿಸಿದರು. 1959ರ ಜನವರಿಯಲ್ಲಿ ಜಾನ್ಸನ್, ವಾಲೆಸ್ ತಪ್ಪಿತಸ್ಥರಲ್ಲ ಅಂತ ಬಿಟ್ಟರು. ಆದರೆ ಸುಮ್ನೆ ಬಿಡಲಿಲ್ಲ. ಇವರು ಹಿಂಬಾಗಿಲಿನಿಂದ ದಾಖಲೆ ಕೊಟ್ಟು ಆದೇಶ ಪಾಲಿಸಿದ್ದಾರೆ ಅಂತ ತೀರ್ಪಿನಲ್ಲೇ ಬರೆದರು. ಕೇಂದ್ರಕ್ಕೆ ಎದೆಯೊಡ್ಡಿ ನಿಂತೆ ಅಂತ ಭಾಷಣ ಮಾಡಬೇಕಿದ್ದವರಿಗೆ ಜೈಲಿಗಿಂತ ಕೆಟ್ಟ ಶಿಕ್ಷೆ ಇದು. ವಾಲೆಸ್ ಇದನ್ನು ಮರೆಯಲಿಲ್ಲ. 1962ರ ಚುನಾವಣೆಯಲ್ಲಿ ಈ ಹಳೇ ಗೆಳೆಯರನ್ನು ಬಾಯಿಗೆ ಬಂದ ಹಾಗೆ ಬೈದೇ ಮತ ಕೇಳಿದರು, ಗವರ್ನರ್ ಆದರು.

1965ರ ಸೆಲ್ಮಾ ಕೇಸಿನ ಹತ್ತಿರ ಸ್ವಲ್ಪ ನಿಲ್ಲೋಣ. ವಿಚಾರಣಾ ಜಡ್ಜ್ ದಿನನಿತ್ಯ ಮಾಡುವುದೇನು ಅನ್ನುವುದು ಇದರಲ್ಲಿ ಸ್ಪಷ್ಟ ಕಾಣುತ್ತದೆ. ಮಾರ್ಚ್ 7, ಭಾನುವಾರ. ಮತದಾನದ ಹಕ್ಕು ಕೇಳಿ ಸೆಲ್ಮಾದಿಂದ ಮಾಂಟ್ಗೋಮರಿಗೆ ಹೊರಟ ಸುಮಾರು 600 ಮಂದಿಯನ್ನು ಊರಾಚೆಯ ಸೇತುವೆ ದಾಟುತ್ತಿದ್ದಂತೆ ರಾಜ್ಯದ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳಿಂದ ತುಳಿದರು. ಟಿವಿಯಲ್ಲಿ ಇಡೀ ದೇಶ ನೋಡಿತು. ಮರುದಿನವೇ ಚಳವಳಿಗಾರರು ಜಾನ್ಸನ್ ಕೋರ್ಟಿಗೆ ಬಂದರು: ನಮ್ಮನ್ನು ತಡೆಯಬೇಡಿ ಅಂತ ಗವರ್ನರ್‌ಗೆ ಹೇಳಿ.

ಜಾನ್ಸನ್ ಮೊದಲು ಮಾಡಿದ್ದು ಬಹಳ ಜನಕ್ಕೆ ಹಿಡಿಸಲಿಲ್ಲ. ಸಾಕ್ಷಿ ಕೇಳುವತನಕ ನೀವೂ ನಡೆಯಬೇಡಿ ಅಂತ ಮೆರವಣಿಗೆಗೇ ತಡೆ ಹಾಕಿದರು. ಕಿಂಗ್ 9ನೇ ತಾರೀಖು ಸೇತುವೆ ತನಕ ಹೋಗಿ, ಪ್ರಾರ್ಥನೆ ಮಾಡಿ ವಾಪಸಾದರು. ಚಳವಳಿಯೊಳಗೇ ಅವರಿಗೆ ಬೈಗುಳ ಬಿತ್ತು. ಅಷ್ಟು ದೊಡ್ಡ ಅನ್ಯಾಯ ಕಣ್ಣೆದುರು ಇರುವಾಗ ಇದೇನು ವಿಚಾರಣೆ ಅಂತ ಅನಿಸುವುದು ಸಹಜ ಅಲ್ವಾ? ಆದರೆ ಒಂದು ಕಡೆಯವರ ಅರ್ಜಿ ಓದಿಯೇ ಆದೇಶ ಕೊಟ್ಟಿದ್ದರೆ ಅದು ಮೇಲೆ ಹೋದಾಗ ನಿಲ್ಲುತ್ತಿತ್ತಾ ಅನ್ನುವುದೂ ಪ್ರಶ್ನೆ. 11ರಿಂದ ವಿಚಾರಣೆ ಶುರು. ಪೆಟ್ಟು ತಿಂದವರು ಬಂದು ಹೇಳಿದರು, ಪೊಲೀಸ್ ಅಧಿಕಾರಿಗಳು ಬಂದು ಹೇಳಿದರು. ಭಾನುವಾರದ ಚಿತ್ರೀಕರಣವನ್ನು ಕೋರ್ಟಿನಲ್ಲೇ ಹಾಕಿ ತೋರಿಸಲಾಯಿತು. ಅದಾದ ಮೇಲೆ, ಸ್ವಲ್ಪ ಬಲಪ್ರಯೋಗ ಅಷ್ಟೇ ಅನ್ನುವ ವಾದ ಯಾರ ಬಾಯಲ್ಲೂ ನಿಲ್ಲಲಿಲ್ಲ.

17ಕ್ಕೆ ತೀರ್ಪು. ಅದರ ಮೊದಲ ಭಾಗ ಪೂರ್ತಿ ನಡೆದದ್ದರ ವಿವರ. ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯ ಕಪ್ಪು ವಯಸ್ಕರಲ್ಲಿ ಮತದಾರರಾಗಿದ್ದವರು ನೂರಕ್ಕೆ ಎರಡರಷ್ಟು. ಪಕ್ಕದ ಲೌಂಡ್ಸ್, ವಿಲ್‌ಕಾಕ್ಸ್ ಕೌಂಟಿಗಳಲ್ಲಿ ಒಬ್ಬರೂ ಇರಲಿಲ್ಲ. ಇಂಥ ಲೆಕ್ಕಗಳನ್ನೆಲ್ಲಾ ಕಟ್ಟಿಟ್ಟ ಮೇಲೆ ಕಾನೂನಿನ ಮಾತು ಬರುತ್ತದೆ: ಶಾಂತಿಯಿಂದ ಮೆರವಣಿಗೆ ಹೋಗುವ ಹಕ್ಕು ಎಷ್ಟು ವಿಶಾಲ ಅನ್ನುವುದನ್ನು, ಜನ ಯಾವ ಅನ್ಯಾಯದ ವಿರುದ್ಧ ಹೊರಟಿದ್ದಾರೋ ಅದು ಎಷ್ಟು ಘೋರ ಅನ್ನುವುದರಿಂದ ಅಳೆಯಬೇಕು. ಇಲ್ಲಿ ಅನ್ಯಾಯ ಅಗಾಧ, ಆದ್ದರಿಂದ ಹೆದ್ದಾರಿಯಲ್ಲಿ ನಡೆಯುವ ಹಕ್ಕೂ ಅದಕ್ಕೆ ತಕ್ಕಷ್ಟು. ಈ ಸೂತ್ರವನ್ನು ಟೀಕಿಸಿದ ಕಾನೂನು ಪಂಡಿತರು ಇದ್ದಾರೆ. ಹಕ್ಕನ್ನು ಹೀಗೆ ತೂಗಿ ಕೊಡುವುದಾದರೆ ನಾಳೆ ಬೇರೆ ಜಡ್ಜ್ ಬೇರೆ ತೂಕ ಹಾಕುತ್ತಾರೆ ಅಂತ. ಟೀಕೆಯಲ್ಲಿ ಹುರುಳಿದೆ. ಆದರೂ ಆ ದಾಖಲೆಯ ಮೇಲೆ ಆ ದಿನ ಬೇರೆ ತೀರ್ಪು ಕೊಟ್ಟಿದ್ದರೆ ಅದು ಅನ್ಯಾಯವೇ ಆಗುತ್ತಿತ್ತು ಅಂತ ನಾನು ನಂಬುತ್ತೇನೆ.

ಆದೇಶದ ಕೊನೆಗೆ ಹೋಗಿ ನೋಡಿ. ಚಳವಳಿಗಾರರಿಂದಲೇ ಬರೆಸಿಕೊಂಡ ಯೋಜನೆ ಲಗತ್ತಿಸಿದೆ. ರಸ್ತೆ ನಾಲ್ಕು ಪಥ ಇರುವ ಕಡೆ ಎಷ್ಟಾದರೂ ಜನ, ಎರಡೇ ಪಥ ಇರುವ ಕಡೆ 300ಕ್ಕಿಂತ ಜಾಸ್ತಿ ಇರಬಾರದು. ರಾತ್ರಿ ತಂಗುವುದು ಎಲ್ಲಿ, ಊಟದ ಲಾರಿ, ಶೌಚಾಲಯ, ಕಸ ಎತ್ತುವುದು ಎಲ್ಲಾ ಇದೆ. ಸಂವಿಧಾನದ ದೊಡ್ಡ ಹಕ್ಕೊಂದು ಕೊನೆಗೆ ಬಂದು ನಿಲ್ಲುವುದು ಶೌಚಾಲಯದ ಲಾರಿಯಲ್ಲಿ. ಆ ಲಾರಿಯ ಬಗ್ಗೆಯೂ ಯೋಚಿಸುವವರೇ ಒಳ್ಳೆಯ ವಿಚಾರಣಾ ಜಡ್ಜ್. ರಕ್ಷಣೆ ಕೊಡಲು ರಾಜ್ಯದ ಹತ್ತಿರ ದುಡ್ಡಿಲ್ಲ ಅಂದರು ವಾಲೆಸ್. ಅಧ್ಯಕ್ಷ ಲಿಂಡನ್ ಜಾನ್ಸನ್ (ಇವರಿಗೂ ಜಡ್ಜ್‌ಗೂ ಸಂಬಂಧವಿಲ್ಲ) ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಕೈಗೆ ತೆಗೆದುಕೊಂಡು ದಾರಿಯುದ್ದಕ್ಕೂ ನಿಲ್ಲಿಸಿದರು. 21ಕ್ಕೆ ಹೊರಟ ಮೆರವಣಿಗೆ 25ಕ್ಕೆ ರಾಜಧಾನಿ ಮುಟ್ಟಿತು.

ಅದೇ ರಾತ್ರಿ, ಮೆರವಣಿಗೆಯವರನ್ನು ಕಾರಿನಲ್ಲಿ ಬಿಡುತ್ತಿದ್ದ ವಯೋಲಾ ಲಿಯುಝೊ ಅನ್ನುವ ಡೆಟ್ರಾಯಿಟ್‌ನ ಗೃಹಿಣಿಯನ್ನು ಕು ಕ್ಲಕ್ಸ್ ಕ್ಲ್ಯಾನ್ ಅನ್ನುವ ಬಿಳಿಯರ ಹಿಂಸಾವಾದಿ ಸಂಘಟನೆಯವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟಿನಲ್ಲಿ ಕೊಲೆ ಆರೋಪದಿಂದ ಮುಖ್ಯ ಆರೋಪಿಯನ್ನು ಜ್ಯೂರಿ ಬಿಟ್ಟುಬಿಟ್ಟಿತು. ಆಗ ಕೇಂದ್ರ ಸರ್ಕಾರ, ನಾಗರಿಕ ಹಕ್ಕು ಕಸಿಯುವ ಪಿತೂರಿ ಅಂತ 1870ರ ಹಳೇ ಕಾನೂನಿನಡಿ ಮೂವರ ಮೇಲೆ ಜಾನ್ಸನ್ ಕೋರ್ಟಿನಲ್ಲಿ ಕೇಸು ಹಾಕಿತು. ಬಿಳಿಯರೇ ತುಂಬಿದ ಜ್ಯೂರಿ. ಒಮ್ಮತ ಬರುತ್ತಿಲ್ಲ ಅಂತ ಅವರು ಹೊರಬಂದಾಗ ಜಾನ್ಸನ್ ಬಿಡಲಿಲ್ಲ. ಒಳಗೆ ಹೋಗಿ ಮತ್ತೆ ಚರ್ಚಿಸಿ ಅಂತ ಕಳಿಸಿದರು. ಆಮೇಲೆ ಬಂದ ಉತ್ತರ: ಮೂವರೂ ಅಪರಾಧಿಗಳು. ತಲಾ 10 ವರ್ಷ, ಆ ಕಾನೂನಿನಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೆ.

ಇಷ್ಟಕ್ಕೆಲ್ಲಾ ಮನೆಯವರು ಕೊಟ್ಟ ಬೆಲೆಯೂ ನೀವು ಕೇಳಿದ "ಬದುಕು" ಅನ್ನುವುದರ ಭಾಗವೇ. ಮನೆ ಮುಂದೆ ಶಿಲುಬೆ ಸುಟ್ಟರು, ಕ್ಲ್ಯಾನ್‌ನವರು ಹೆದರಿಸುವ ರೀತಿ ಅದು. ಬೆದರಿಕೆ ಪತ್ರ, ರಾತ್ರಿ ಹೊತ್ತು ಫೋನು ಮಾಮೂಲಾಯಿತು. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಇಟ್ಟರು. ತಂದೆ ಮಗ ಇಬ್ಬರದೂ ಒಂದೇ ಹೆಸರು, ಇಟ್ಟವರು ಜಡ್ಜ್ ಮನೆ ಅಂದುಕೊಂಡಿದ್ದರು ಅಂತಲೇ ಎಲ್ಲರ ನಂಬಿಕೆ. ತಾಯಿಗೆ ಏನೂ ಆಗಲಿಲ್ಲ. ವರ್ಷಗಟ್ಟಲೆ ಫೆಡರಲ್ ಮಾರ್ಷಲ್‌ಗಳು ಮನೆ ಕಾದರು. ಊರಿನ ದೊಡ್ಡ ಮನುಷ್ಯರು ಮಾತು ಬಿಟ್ಟರು. ಪತ್ನಿ ರೂತ್ ಇದನ್ನೆಲ್ಲಾ ಅವರಷ್ಟೇ ಅನುಭವಿಸಿದರು. ಜಾನ್ಸನ್ ಮೀನು ಹಿಡಿಯಲು ಹೋಗುತ್ತಿದ್ದರು, ಗಾಲ್ಫ್ ಆಡುತ್ತಿದ್ದರು, ಮನೆಯಲ್ಲಿ ಮರಗೆಲಸ ಮಾಡುತ್ತಿದ್ದರು. ದಕ್ಷಿಣ ಕೆರೊಲಿನಾದಲ್ಲಿ ಇಂಥದ್ದೇ ತೀರ್ಪು ಕೊಟ್ಟಿದ್ದ ಜಡ್ಜ್ ವೇಟಿಸ್ ವಾರಿಂಗ್ 1952ರಲ್ಲಿ ನಿವೃತ್ತಿ ಪಡೆದು ನ್ಯೂಯಾರ್ಕ್‌ಗೆ ಹೊರಟುಹೋದರು. ಅವರನ್ನು ದೂರುವುದಕ್ಕಾಗುವುದಿಲ್ಲ. ಜಾನ್ಸನ್ ಮಾತ್ರ ಊರು ಬಿಡಲಿಲ್ಲ.

ಆಜೀವ ಹುದ್ದೆ ಇಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಆಗಿನ ಅಲಬಾಮಾದಲ್ಲಿ ಚುನಾವಣೆಗೆ ನಿಲ್ಲಬೇಕಿದ್ದರೆ ಅವರಿಗೆ ಠೇವಣಿಯೂ ಉಳಿಯುತ್ತಿರಲಿಲ್ಲ. ಆದರೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಪಕ್ಕದ ಮಿಸಿಸಿಪ್ಪಿಯಲ್ಲಿ ಹೆರಾಲ್ಡ್ ಕಾಕ್ಸ್ ಅನ್ನುವ ಫೆಡರಲ್ ಜಿಲ್ಲಾ ಜಡ್ಜ್ ಇದ್ದರು. 1961ರಲ್ಲಿ ಅಧ್ಯಕ್ಷ ಕೆನೆಡಿ ನೇಮಿಸಿದವರು. ಮತದಾರರಾಗಲು ಬಂದ ಕಪ್ಪು ಜನರನ್ನು ತೆರೆದ ಕೋರ್ಟಿನಲ್ಲೇ ಪ್ರಾಣಿಗಳಿಗೆ ಹೋಲಿಸಿ ಹೀಯಾಳಿಸಿದವರು. ಅವರ ಹುದ್ದೆಯೂ ಸಾಯುವತನಕ, ಸಂಬಳವೂ ಭದ್ರ. ಜಾನ್ಸನ್‌ಗೆ ಗುರಾಣಿಯಾದ ಅದೇ ವಿಧಿ ಕಾಕ್ಸ್‌ಗೂ ಗುರಾಣಿ. ಹಾಗಾಗಿ ನೇಮಕದ ಹೊತ್ತಿನಲ್ಲಿ ಸೆನೆಟ್‌ನಲ್ಲಿ ಅಷ್ಟು ಜಗಳ ನಡೆಯುವುದು ಸುಮ್ಸುಮ್ನೆ ಅಲ್ಲ.

ಜಾನ್ಸನ್ ಬಗ್ಗೆ ಓದುವವರು ಹೆಚ್ಚಾಗಿ ಸೆಲ್ಮಾಗೆ ನಿಲ್ಲಿಸಿಬಿಡುತ್ತಾರೆ. ನನಗೆ ಅವರ ದೊಡ್ಡ ಕೆಲಸ ಅನಿಸುವುದು ಅದರ ನಂತರದ್ದು. ಟಸ್ಕಲೂಸಾದಲ್ಲಿ ಬ್ರೈಸ್ ಅಂತ ರಾಜ್ಯದ ಮಾನಸಿಕ ಆಸ್ಪತ್ರೆ. ಐದು ಸಾವಿರಕ್ಕೂ ಹೆಚ್ಚು ರೋಗಿಗಳು. 1970ರಲ್ಲಿ ಸಿಗರೇಟ್ ತೆರಿಗೆಯ ಆದಾಯ ಕುಸಿದು 99 ನೌಕರರನ್ನು ತೆಗೆದರು. ಅವರು ಕೋರ್ಟಿಗೆ ಬಂದರು. ಕೆಲಸ ಹೋದದ್ದಕ್ಕಿಂತ ರೋಗಿಗಳ ಗತಿ ಏನು ಅನ್ನುವುದೇ ಕೇಸಿನ ಜೀವ ಅಂತ ಬೇಗ ಸ್ಪಷ್ಟವಾಯಿತು. ತೆಗೆದುಹಾಕಲ್ಪಟ್ಟ ಒಬ್ಬ ನೌಕರ ಮಹಿಳೆಯ ಹತ್ತಿರದ ಸಂಬಂಧಿ ರಿಕಿ ವೈಯಟ್, 15 ವರ್ಷ, ಅಲ್ಲೇ ಒಳಗಿದ್ದ. ಅವನಿಗೆ ಮಾನಸಿಕ ಕಾಯಿಲೆ ಇರಲಿಲ್ಲ. ತುಂಟ ಅಂತ ತಂದು ಹಾಕಿದ್ದರು. ಕೇಸಿಗೆ ಅವನದೇ ಹೆಸರು ಬಂತು.

1971ರ ಮಾರ್ಚ್‌ನಲ್ಲಿ ಜಾನ್ಸನ್ ಹೇಳಿದ್ದು ಸರಳ: ಚಿಕಿತ್ಸೆ ಕೊಡುತ್ತೇವೆ ಅಂತ ಒಬ್ಬರ ಸ್ವಾತಂತ್ರ್ಯ ಕಿತ್ತುಕೊಂಡರೆ ಚಿಕಿತ್ಸೆ ಕೊಡಲೇಬೇಕು, ಇಲ್ಲದಿದ್ದರೆ ಅದು ಸಂವಿಧಾನದ ಉಲ್ಲಂಘನೆ. ತಕ್ಷಣ ಆಡಳಿತ ಕೈಗೆ ತೆಗೆದುಕೊಳ್ಳಲಿಲ್ಲ. ನೀವೇ ಮಾನದಂಡ ಮಾಡಿಕೊಂಡು ಬನ್ನಿ ಅಂತ ರಾಜ್ಯಕ್ಕೆ ಆರು ತಿಂಗಳು ಕೊಟ್ಟರು. ರಾಜ್ಯ ಮಾಡಲಿಲ್ಲ. ಮತ್ತೆ ವಿಚಾರಣೆ, ತಜ್ಞರ ಸಾಕ್ಷಿ, ಎರಡೂ ಕಡೆಯವರು ಕೂತು ಒಪ್ಪಿದ ಅಂಶಗಳು. 1972ರ ಏಪ್ರಿಲ್ ಆದೇಶ ಓದಿದರೆ ಬೆರಗಾಗುತ್ತದೆ. ಒಂದು ಕೋಣೆಯಲ್ಲಿ ಆರು ಮಂದಿಗಿಂತ ಜಾಸ್ತಿ ಬೇಡ. ಎಂಟು ರೋಗಿಗಳಿಗೆ ಒಂದು ಶೌಚಾಲಯ. ಹದಿನೈದು ಮಂದಿಗೆ ಒಂದು ಸ್ನಾನದ ವ್ಯವಸ್ಥೆ. ಪ್ರತಿಯೊಬ್ಬರಿಗೂ ಬರಹದಲ್ಲಿ ಚಿಕಿತ್ಸೆಯ ಯೋಜನೆ. ಸಂಬಳ ಕೊಡದೆ ಆಸ್ಪತ್ರೆಯ ಕೆಲಸ ಮಾಡಿಸುವಂತಿಲ್ಲ. ಕೇಸು ಪೂರ್ತಿ ಮುಗಿದದ್ದು 2003ರಲ್ಲಿ. ಅಷ್ಟರಲ್ಲಿ ಜಾನ್ಸನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

1976ರಲ್ಲಿ ಅಲಬಾಮಾದ ಜೈಲುಗಳಿಗೂ ಇದೇ ರೀತಿಯ ಆದೇಶ. ಒಬ್ಬ ಜಡ್ಜ್ ಇಡೀ ರಾಜ್ಯ ನಡೆಸುತ್ತಿದ್ದಾರೆ ಅಂತ ಕೂಗೆದ್ದಿತು. ಬಜೆಟ್ ಹಂಚುವುದು ಶಾಸಕರ ಕೆಲಸ ಅನ್ನುವ ಆಕ್ಷೇಪ ತತ್ವದಲ್ಲಿ ಸರಿಯೇ. ಆದರೆ ಹುಚ್ಚಾಸ್ಪತ್ರೆಯಲ್ಲಿ, ಜೈಲಿನಲ್ಲಿ ಇರುವವರಿಗೆ ಮತ ಇಲ್ಲ. ಶಾಸಕರು ಅವರ ಕಡೆ ತಿರುಗಿ ನೋಡಿದ ದಾಖಲೆಯೂ ಇಲ್ಲ. ರಾಜ್ಯಕ್ಕೆ ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟು, ಅದು ಸುಮ್ಮನಿದ್ದ ಮೇಲೆ ಮಾತ್ರ ಕೈ ಹಾಕಿದವರನ್ನು ಅಧಿಕಾರದ ಆಸೆಬುರುಕ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇವರನ್ನು ಎಫ್‌ಬಿಐ ಮುಖ್ಯಸ್ಥರನ್ನಾಗಿ ಆರಿಸಿದರು, ಆರೋಗ್ಯ ಕೆಟ್ಟು ಹಿಂದೆ ಸರಿದರು. 1979ರಲ್ಲಿ ಮೇಲ್ಮನವಿ ಕೋರ್ಟಿಗೆ ಬಡ್ತಿ. 1991ರಲ್ಲಿ ಹಿರಿಯ ಜಡ್ಜ್ ಅನ್ನುವ ಸ್ಥಾನಕ್ಕೆ ಹೋದರು. ಇದು ನಿಮ್ಮ ನಿವೃತ್ತಿಯ ಪ್ರಶ್ನೆಗೆ ಸಂಬಂಧಪಟ್ಟದ್ದು: 65 ವಯಸ್ಸು ಮತ್ತು 15 ವರ್ಷ ಸೇವೆ ಆದ ಫೆಡರಲ್ ಜಡ್ಜ್, ಸಂಬಳ ಉಳಿಸಿಕೊಂಡು ಕಡಿಮೆ ಕೇಸು ನೋಡಬಹುದು, ಅವರ ಜಾಗಕ್ಕೆ ಹೊಸಬರ ನೇಮಕವಾಗುತ್ತದೆ. 1992ರಲ್ಲಿ ಮಾಂಟ್ಗೋಮರಿಯ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಅವರದೇ ಹೆಸರಿಟ್ಟರು. 1995ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ. 1999ರ ಜುಲೈನಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲಾ ಫೆಡರಲ್ ಜಡ್ಜ್‌ರ ದಿನವೂ ಹೀಗಿರುತ್ತದೆ ಅಂತ ಅಂದುಕೊಳ್ಳಬೇಡಿ. ದಿನದ ಹೆಚ್ಚಿನ ಹೊತ್ತು ಹೋಗುವುದು ಮಾದಕವಸ್ತು ಕೇಸಿನ ಶಿಕ್ಷೆ, ಕಂಪನಿಗಳ ಒಪ್ಪಂದದ ಜಗಳ, ಪೇಟೆಂಟ್, ಕೈದಿಗಳ ಅರ್ಜಿ ಇಂಥವುಗಳಲ್ಲಿ. ಬಹುಪಾಲು ಕೇಸು ವಿಚಾರಣೆ ತನಕ ಬರುವುದೇ ಇಲ್ಲ, ತಪ್ಪೊಪ್ಪಿಗೆಯಲ್ಲೋ ರಾಜಿಯಲ್ಲೋ ಮುಗಿಯುತ್ತದೆ. ಜೊತೆಗೆ ಈಗಷ್ಟೇ ಕಾನೂನು ಮುಗಿಸಿದ ಕೆಲವು ಯುವಕ ಯುವತಿಯರು ಲಾ ಕ್ಲರ್ಕ್ ಆಗಿ ಒಂದೆರಡು ವರ್ಷ ಇರುತ್ತಾರೆ, ಕರಡು ಬರೆಯುತ್ತಾರೆ, ವಾದ ಮಾಡುತ್ತಾರೆ. ಬೇಸರದ ಕೆಲಸವೂ ಬಹಳ ಇದೆ.

ನೀವು ವಿದ್ಯಾರ್ಥಿನಿಯೋ ವಿದ್ಯಾರ್ಥಿಯೋ ಗೊತ್ತಾಗಲಿಲ್ಲ, ಏನೇ ಇರಲಿ, ಒಂದು ಕೆಲಸ ಮಾಡಿ. ಸೆಲ್ಮಾ ಮೆರವಣಿಗೆಯ 'ವಿಲಿಯಮ್ಸ್ ವರ್ಸಸ್ ವಾಲೆಸ್' ಮತ್ತು ಬ್ರೈಸ್ ಆಸ್ಪತ್ರೆಯ 'ವೈಯಟ್ ವರ್ಸಸ್ ಸ್ಟಿಕ್ನಿ' ಎರಡೂ ತೀರ್ಪು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕಾನೂನಿನ ಭಾಗಕ್ಕೆ ಹಾರಬೇಡಿ. ನಡೆದದ್ದರ ವಿವರ ಇರುವ ಪುಟಗಳನ್ನು ಮೊದಲು ಓದಿ, ಪ್ರತಿ ವಾಕ್ಯಕ್ಕೂ ಯಾವ ಸಾಕ್ಷಿಯ ಆಧಾರ ಇದ್ದಿರಬೇಕು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ನಮ್ಮ ಯಾವುದಾದರೂ ಸೆಷನ್ಸ್ ಕೋರ್ಟಿನ ತೀರ್ಪು ತೆಗೆದುಕೊಂಡು ಅದೇ ಮಾಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆದರೆ ಖಂಡಿತ ಉತ್ತರಿಸುತ್ತೇನೆ.